ಏಳು ವರ್ಷ ತುಂಬದ ಕುಣಿ

“ಇಲ್ಲಿ ಯಾರರ ಅದೀರೇನು?”

ಕೇಳಿದವರು ರೊಜಾರಿಯೊ ಸಿದ್ದಿ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಶನಿವಾರ ಬೆಳಗಿನ ಐದೂವರೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಐದು ಕಿಲೋಮೀಟರು ಒಳಗೆ, ತೇಗದ ಗಿಡಗಳ ಅಂಚಿನಲ್ಲಿ, ಇಗರ್ಜಿಯ ಹಿಂದಿನ ಸ್ಮಶಾನ. ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಅವರು ಚಪ್ಪಲಿ ಕಳಚಿ ಬದಿಗಿಟ್ಟು, ತಲೆಗೆ ಸುತ್ತಿದ ಟವೆಲು ಬಿಚ್ಚಿ ಹೆಗಲಿಗೆ ಹಾಕಿ, ಕಾಲ ಬುಡದ ಮಣ್ಣನ್ನು ನೋಡುತ್ತ ಆ ಮಾತು ಕೇಳುತ್ತಾರೆ. ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಹಾರೆ ಎತ್ತುತ್ತಾರೆ.

ಮೇಲಿನ ಕೇರಿಯ ಇನಾಸಜ್ಜ ನಿನ್ನೆ ಮಧ್ಯಾಹ್ನ ತೀರಿಕೊಂಡಿದ್ದಾರೆ. ಹನ್ನೊಂದು ಗಂಟೆಗೆ ಪೆಟ್ಟಿಗೆ ಬರುತ್ತದೆ. ಅಷ್ಟರಲ್ಲಿ ಐದೂವರೆ ಅಡಿ ಆಳದ ಕುಣಿ ಆಗಬೇಕು. ಮೇಲಿನ ಒಂದು ಅಡಿ ಕೆಂಪು ಮಣ್ಣು, ಗುದ್ದಲಿಗೆ ಬರುತ್ತದೆ. ಅದರ ಕೆಳಗೆ ಜಂಬಿಟ್ಟಿಗೆಯ ಪದರ, ಅದಕ್ಕೆ ಹಾರೆಯೇ ಬೇಕು. ಮಳೆಗಾಲದಲ್ಲಿ ಮೂರು ತಾಸು, ಬೇಸಿಗೆಯಲ್ಲಿ ಐದು. ಅರವತ್ಮೂರು ವರ್ಷದ ರೊಜಾರಿಯೊ ಹತ್ತೊಂಬತ್ತರಿಂದ ಇದನ್ನು ಮಾಡುತ್ತಿದ್ದಾರೆ. ಇಲ್ಲಿಯವರೆಗೆ ಮುನ್ನೂರ ಹನ್ನೆರಡು. ಕೊರೊನಾ ಬಂದ ಬೇಸಿಗೆಯೊಂದರಲ್ಲೇ ಹದಿನಾಲ್ಕು. ಉಳಿದ ದಿನ ಕಬ್ಬು ಕಡಿಯುತ್ತಾರೆ, ಯಾರದಾದರೂ ಹೊಲದಲ್ಲಿ ಕೂಲಿ ಮಾಡುತ್ತಾರೆ. ಕುಣಿ ಅಗೆದ ದಿನ ಸತ್ತವರ ಮನೆಯಲ್ಲಿ ಊಟ. ಅದರಾಚೆಗೆ ಯಾರಾದರೂ ಕೈಗೆ ಏನಾದರೂ ಇಡಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

ಹಾಲಿನ ಕ್ಯಾನು ಹೊತ್ತು ಬೇಲಿಯ ಆಚೆ ಹೋಗುತ್ತಿದ್ದ ಗೌಳಿಗರ ಗೋದುಬಾಯಿ ನಿಂತು ಕೂಗುತ್ತಾರೆ. “ಮಾಮಾ, ಇತ್ತಾಗ ನೋಡಬ್ಯಾಡ! ನೀ ಮನಶ್ಯಾನ್ನ ನೋಡೂದ ಅಳತಿ ತೊಗೊಳ್ಳಾಕ!”

“ನೀ ನನ್ನ ಕುಣಿಗೆ ಹಿಡಸಂಗಿಲ್ಲ ಬಿಡವಾ,” ಕುಣಿಯೊಳಗಿಂದಲೇ ಉತ್ತರ ಬರುತ್ತದೆ. “ನಿಂದು ಅಗದ್ರ ನನ್ನ ಸೊಂಟ ಹೋಕ್ಕೈತಿ.”

ಗೋದುಬಾಯಿ ನಗುತ್ತ ಹೋಗುತ್ತಾರೆ. ಅಳತೆಯ ಮಾತು ಸುಳ್ಳಲ್ಲ. ಸಾವಿನ ಸುದ್ದಿ ಬಂದ ಕೂಡಲೇ ರೊಜಾರಿಯೊ ಬಿದಿರಿನ ಕೋಲು ಹಿಡಿದು ಆ ಮನೆಗೆ ಹೋಗುತ್ತಾರೆ. ಹೆಣದ ಪಕ್ಕ ಮಂಡಿಯೂರಿ, ತಲೆಯಿಂದ ಹಿಮ್ಮಡಿಯವರೆಗೆ ಕೋಲಿಗೆ ಗುರುತು ಮಾಡಿಕೊಂಡು ಬರುತ್ತಾರೆ. ಸತ್ತವರ ಸ್ನಾನಕ್ಕೆ, ಬಟ್ಟೆ ತೊಡಿಸುವುದಕ್ಕೆ ಮನೆಯಲ್ಲಿ ಗಂಡಸರಿಲ್ಲದಿದ್ದರೆ ಅದಕ್ಕೂ ಅವರೇ.

ಈ ಸ್ಮಶಾನ ಚಿಕ್ಕದು, ಮೂರು ಗುಂಟೆಯೂ ಇಲ್ಲ. ಇಗರ್ಜಿಗೆ ನಾಲ್ಕು ಹಳ್ಳಿ ಸೇರುತ್ತವೆ. ಹಾಗಾಗಿ ಇಲ್ಲಿ ಒಬ್ಬರ ಜಾಗ ಅವರದೇ ಆಗಿ ಉಳಿಯುವುದು ಏಳು ವರ್ಷ. ಏಳು ಮಳೆಗಾಲ ಕಳೆದ ಮೇಲೆ ಅದೇ ಕುಣಿಯನ್ನು ತೆರೆದು, ಉಳಿದ ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮೂಲೆಯ ಎಲುಬಿನ ಬಾವಿಗೆ ಇಳಿಸಿ, ಹೊಸಬರಿಗೆ ಜಾಗ ಮಾಡುತ್ತಾರೆ. ಗೋವೆಯ ಕಡೆಯಿಂದ ಬಂದ ಪದ್ಧತಿ. ಇದರಲ್ಲಿ ಯಾರಿಗೂ ಬೇಸರವಿಲ್ಲ. ಬಾವಿಯೊಳಗೆ ಎಲ್ಲರೂ ಒಟ್ಟಿಗಿದ್ದಾರೆ ಎಂಬ ಸಮಾಧಾನವೇ ಇದೆ. ಆದರೆ ಏಳು ತುಂಬಬೇಕು. ತುಂಬುವ ಮೊದಲು ತೆರೆಯಬಾರದು. ಸತ್ತವರ ನಿದ್ದೆ ಕೆಡುತ್ತದೆ, ಹಾಗೆ ಕೆಟ್ಟರೆ ಬದುಕಿದವರ ನಿದ್ದೆಯೂ ಕೆಡುತ್ತದೆ ಎಂದು ಸಿದ್ದಿಗರ ಮನೆಗಳಲ್ಲಿ ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ಯಾವ ಕುಣಿ ಯಾರದು, ಎಷ್ಟನೆಯ ವರ್ಷ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ರೊಜಾರಿಯೊ ಅವರ ಪಾದದಲ್ಲಿದೆ. ಇಗರ್ಜಿಯ ಹಿಂಗೋಡೆಯ ಮೂಲೆಯಿಂದ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಎಕ್, ದೋನ್, ತೀನ್ ಎಂದು ಅಪ್ಪ ಕಲಿಸಿದ ಕೊಂಕಣಿಯಲ್ಲಿ ಎಣಿಸುತ್ತಾರೆ. “ಶಿಲುಬಿ ಗೆದ್ದಲ ತಿಂತೈತ್ರಿ, ಹೆಸರು ಮಳಿ ತಿಂತೈತಿ. ಹೆಜ್ಜಿ ಯಾರೂ ತಿನ್ನಂಗಿಲ್ಲ.”

ಐದು ವರ್ಷದ ಹಿಂದೆ ಒಂದು ಬೆಳಗು ಅವರು ಹೆಜ್ಜೆ ಎಣಿಸಲಿಲ್ಲ.

ಅದಕ್ಕೂ ಹದಿನೈದು ದಿನ ಮೊದಲು ಇಗರ್ಜಿಯ ಹಬ್ಬ. ರೊಜಾರಿಯೊ ಕಬ್ಬು ಕಡಿಯಲು ಹೋಗಿದ್ದಾಗ ಸಮಿತಿಯವರು ಸ್ಮಶಾನ ಚೊಕ್ಕ ಮಾಡಿಸಿದರು. ಹುಲ್ಲು ಹೆರೆಯುವಾಗ ಅಡ್ಡ ಬಂದ ಕಟ್ಟಿಗೆಯ ಶಿಲುಬೆಗಳನ್ನೆಲ್ಲ ಕಿತ್ತು, ಬಿಳಿ ಬಣ್ಣ ಬಳಿದು, ಮತ್ತೆ ನೆಟ್ಟರು. ನೆಡುವಾಗ ಸಾಲು ನೆಟ್ಟಗೆ ಕಾಣಲಿ ಎಂದು ಹಗ್ಗ ಹಿಡಿದರು. ಸಾಲು ನೆಟ್ಟಗಾಯಿತು. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ಒಂದೊಂದು ಶಿಲುಬೆ ಎರಡು ಅಡಿ, ಮೂರು ಅಡಿ ಸರಿದು ಬೇರೆಯವರ ತಲೆಯ ಮೇಲೆ ನಿಂತಿತ್ತು.

ಹಬ್ಬ ಮುಗಿದು ಎರಡು ವಾರಕ್ಕೆ ಒಬ್ಬ ಮುದುಕಿ ತೀರಿದರು. ಒಂಬತ್ತು ವರ್ಷ ಹಳೆಯ ಹೆಸರಿದ್ದ ಶಿಲುಬೆ ನೋಡಿ ರೊಜಾರಿಯೊ ಹಾರೆ ಹಾಕಿದರು.

“ನಾಕ ಫೂಟಿಗೆ ಮೆತ್ತಗ ಆತು. ಮಣ್ಣ ಹಂಗ ಮೆತ್ತಗ ಆಗೂದಿಲ್ಲರಿ. ಬಗ್ಗಿ ಕೈಲೆ ಸರಿಸಿದೆ. ಕೆಂಪ ಸ್ವೆಟರು. ಕಾಯ್ತಾನಂದು. ಡಿಸೆಂಬರದಾಗ ಕೆಮ್ಮಿ ಕೆಮ್ಮಿ ಸತ್ತಿದ್ದ, ಥಂಡಿ ಹತ್ತಬಾರದು ಅಂತ ರೀಟಾ ಅದನ್ನ ತೊಡಸಂದಿದ್ಲು. ಅಂವ ಬಿಗದಿದ್ದ. ನಾನ ಕೈ ಹಿಡದು ತೋಳಿನ್ಯಾಗ ತೂರಿಸಿದ್ದೆ. ಮೂರು ವರ್ಷಾನೂ ತುಂಬಿದ್ದಿಲ್ಲ. ಮಣ್ಣ ಅಂವನ್ನ ಅರ್ಧಾನೂ ತಿಂದಿದ್ದಿಲ್ಲ. ಹಾರಿ ತೋಳಿಗೆ ಬಿದ್ದಿತ್ತು. ಹರದಿತ್ತು.”

ಕಾಯ್ತಾನ ಅವರ ಚಿಕ್ಕಪ್ಪನ ಮಗ. ರೀಟಾ ಅವನ ಹೆಂಡತಿ.

ಆ ಹೊತ್ತಿನಲ್ಲಿ ಅಲ್ಲಿಗೆ ಬಂದ ಇನ್ನೊಬ್ಬರು ಸಾಂತಾನ. ಇಗರ್ಜಿಯ ಸಮಿತಿಯ ಹಿರಿಯರು. ಕುಣಿ ಎಷ್ಟು ಆಯಿತೆಂದು ನೋಡಲು ಬಂದವರು ಕೆಂಪು ಉಣ್ಣೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. “ಮುಚ್ಚು,” ಎಂದರು. “ಬಾಜೂಕ ಅಗಿ. ನೀ ನೋಡಿಲ್ಲ, ನಾ ನೋಡಿಲ್ಲ.” ರೊಜಾರಿಯೊ ಮುಚ್ಚಿದರು. ಬಾಜುವಿನಲ್ಲಿ ಅಗೆದರು. ಮುದುಕಿಯ ಹೂಣಿಕೆ ಆಯಿತು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ರೀಟಾ ಕೂಡ ಹಾಕಿದರು, ಗಂಡನಿಂದ ಎರಡು ಮೊಳ ದೂರದಲ್ಲಿ ನಿಂತು.

ಎರಡು ಭಾನುವಾರ ರೊಜಾರಿಯೊ ಪರಮಪ್ರಸಾದಕ್ಕೆ ಏಳಲಿಲ್ಲ. ಆಗಿದ್ದ ಪಾದ್ರಿಯ ಹತ್ತಿರ ಪಾಪನಿವೇದನೆ ಮಾಡಿದರು. ಪಾದ್ರಿ ಕ್ಷಮೆ ಕೊಟ್ಟು, ಹತ್ತು ಪ್ರಾರ್ಥನೆ ಹೇಳಲು ತಿಳಿಸಿ, ಇದನ್ನು ಇಲ್ಲಿಗೆ ಬಿಡು ಎಂದರು. “ದೇವರು ಕ್ಷಮಿಸಿದ, ಇಲ್ಲನ್ನಂಗಿಲ್ಲ. ಆದ್ರ ನಾ ಅಗದಿದ್ದು ದೇವರ ಗಂಡನ್ನಲ್ಲಲ್ರಿ.”

ಮೂರನೆಯ ಭಾನುವಾರ, ಪೂಜೆ ಮುಗಿದು ಪ್ರಕಟಣೆಗಳನ್ನು ಓದುವ ಹೊತ್ತಿಗೆ, ರೊಜಾರಿಯೊ ಎದ್ದು ನಿಂತರು. ಕಾಯ್ತಾನನ ಕುಣಿ ತೆರೆದೆ, ತಪ್ಪಿ ತೆರೆದೆ, ತೋಳು ಹರಿಯಿತು, ಮುಚ್ಚಿ ಸುಮ್ಮನಿದ್ದೆ ಎಂದು ಹೇಳಿದರು. ಸಾಂತಾನರ ಹೆಸರು ಎತ್ತಲಿಲ್ಲ, ಶಿಲುಬೆ ಸರಿಸಿದವರ ಮಾತೂ ಎತ್ತಲಿಲ್ಲ. ಅವರು ಕೂರುವ ಮೊದಲೇ ಸಾಂತಾನ ಹಾಡು ಎತ್ತಿದರು. ಗಾಯನದವರು ಗಾಬರಿಯಲ್ಲಿ ದನಿಗೂಡಿಸಿದರು. ಹಾಡಿನ ನಡುವೆ ರೀಟಾ ಎದ್ದು ಹೊರಗೆ ಹೋದರು. ಅವರ ಹಿಂದೆ ಅವರದೇ ಕೆಳಗಿನ ಕೇರಿಯ ಏಳು ಮನೆಯವರು.

ಆ ಏಳು ಮನೆಗಳು ತಿರುಗಿ ಬಂದಿಲ್ಲ.

ಈ ಐದು ವರ್ಷದಲ್ಲಿ ಆ ಕೇರಿಯಲ್ಲಿ ಇಬ್ಬರು ತೀರಿದ್ದಾರೆ. ಸ್ಮಶಾನಕ್ಕೆ ತರಲಿಲ್ಲ, ಪಾದ್ರಿಯನ್ನು ಕರೆಯಲಿಲ್ಲ. ಕಾಡಿನ ಅಂಚಿನ ಹೊಲದಲ್ಲಿ ತಾವೇ ಅಗೆದು ಹೂತರು. ಅಗೆದು ಅಭ್ಯಾಸವಿಲ್ಲದವರ ಕುಣಿ, ಮೂರು ಅಡಿಯೂ ಇರಲಿಲ್ಲ. ಎರಡನೆಯವರನ್ನು ಹೂತ ಮೂರನೆಯ ದಿನ ಕಾಡುಹಂದಿ ಬಂದು ಕೆದರಿದವು. ಸುದ್ದಿ ತಿಳಿದು ರೊಜಾರಿಯೊ ಹೋದರು. ಯಾರೂ ಬಾ ಎನ್ನಲಿಲ್ಲ, ಯಾರೂ ಹೋಗು ಎನ್ನಲಿಲ್ಲ. ಹಳ್ಳದಿಂದ ಕಲ್ಲು ಹೊತ್ತು ತಂದು ತಂದು ಒಟ್ಟಿದರು. “ಎಷ್ಟು ಕಲ್ಲು ಅಂತ ಎಣಿಸಲಿಲ್ಲರಿ. ಅದೊಂದು ಎಣಿಸಲಿಲ್ಲ.”

ಸಮಿತಿ ಅವರಿಗೆ ಏನೂ ಶಿಕ್ಷೆ ಕೊಡಲಿಲ್ಲ. ಮೆರವಣಿಗೆಯಲ್ಲಿ ಮುಂದೆ ಶಿಲುಬೆ ಹೊರುವ ಕೆಲಸ ಇಪ್ಪತ್ತು ವರ್ಷದಿಂದ ಅವರದಿತ್ತು, ಅದನ್ನು ತಪ್ಪಿಸಿದರು. ಗುದ್ದಲಿ ಹೊರುವುದನ್ನು ತಪ್ಪಿಸಲಿಲ್ಲ. ಅದಕ್ಕೆ ಬೇರೆ ಯಾರೂ ಸಿಗಲಿಲ್ಲ.

“ಸತ್ತೋರ ಜೋಡಿ ಇದ್ದಷ್ಟು ಹೊತ್ತು ನನ್ನ ಜೋಡಿ ಇದ್ದಿಲ್ಲ ಈ ಮನಶ್ಯಾ,” ಎನ್ನುತ್ತಾರೆ ಹೆಂಡತಿ ಮೊನಿಕಾ, ಚಹಾದ ಲೋಟ ಕೈಗಿಡುತ್ತ. “ಆಯ್ತಾರ ಬಂದ್ರ ಊಟಾ ಬಿಟ್ಟು ರೀಟಾನ ಬಾಗಲಕ ಹೋಗಿ ನಿಂದರ್ತಾನ. ಆಕಿ ನಾಯೀನೂ ಈಗ ಬೊಗಳೂದು ಬಿಟ್ಟೈತಿ. ಆಕಿ ಮಾತ್ರ ಮಾತಾಡಿಲ್ಲ.”

ಅದು ನಿಜ. ಐದು ವರ್ಷದ ಪ್ರತಿ ಭಾನುವಾರ, ಜ್ವರದ ಮೂರು ವಾರ ಬಿಟ್ಟು, ಪೂಜೆ ಮುಗಿದ ಮೇಲೆ ರೊಜಾರಿಯೊ ಒಂದೂವರೆ ಕಿಲೋಮೀಟರು ನಡೆದು ಕೆಳಗಿನ ಕೇರಿಗೆ ಹೋಗುತ್ತಾರೆ. ರೀಟಾ ಅವರ ಅಂಗಳದ ಅಂಚಿಗೆ ನಿಂತು, “ಇವತ್ತ ಕಾಯ್ತಾನನ ಹೆಸರ ಹೇಳಿ ಪ್ರಾರ್ಥನಾ ಮಾಡೇನಿ,” ಎಂದಷ್ಟೇ ಹೇಳಿ ತಿರುಗಿ ಬರುತ್ತಾರೆ. ಏನು ಬೇಕು ನಿಮಗೆ ಎಂದರೆ ಹೇಳುತ್ತಾರೆ: “ಆಕಿ ಒಮ್ಮೆ ಇಗರ್ಜಿಗೆ ಬಂದು ಕುಂದರಬೇಕ್ರಿ. ನನ್ನ ಮಾರಿ ನೋಡೂದು ಬ್ಯಾಡ. ಆ ಮಂದಿ ಸತ್ತಾಗ ಆಳಕ ಮಣ್ಣ ಸಿಗಬೇಕು. ಅಷ್ಟ.”

ಮರುದಿನ ಭಾನುವಾರ. ಬರುವ ಜನವರಿಗೆ ಇಗರ್ಜಿಗೆ ಎಪ್ಪತ್ತೈದು ತುಂಬುತ್ತದೆ, ಗೋಡೆಗೆ ಆಗಲೇ ಹೊಸ ಬಣ್ಣ ಬಂದಿದೆ. ಹೋದ ವರ್ಷ ಇಲ್ಲಿಗೆ ಬಂದ ಪಾದ್ರಿ ಕರಾವಳಿಯವರು, ಮೂವತ್ತರ ಆಸುಪಾಸಿನವರು. ಮೇಲಿನವರು ಕಳಿಸಿದ ನಮೂನೆಯೊಂದನ್ನು ಅವರು ಮೇಜಿನ ಮೇಲೆ ಬಿಡಿಸಿ ತೋರಿಸುತ್ತಾರೆ. ಸಭೆಯ ಆತ್ಮಿಕ ಆರೋಗ್ಯ ತಿಳಿಯಲು ನಾಲ್ಕು ಪುಟದ ಪ್ರಶ್ನೆಗಳು. ಪೂಜೆಗೆ ಬರುವವರೆಷ್ಟು, ಪಾಪನಿವೇದನೆ ಮಾಡುವವರೆಷ್ಟು, ಧರ್ಮೋಪದೇಶಕ್ಕೆ ಬರುವ ಮಕ್ಕಳೆಷ್ಟು, ಗಾಯನದವರೆಷ್ಟು.

“ಎಲ್ಲ ತುಂಬಿಸಿದ್ದೇನೆ. ನೋಡಿದರೆ ಒಳ್ಳೆಯ ಸಭೆಯೇ,” ಎನ್ನುತ್ತಾರೆ ಪಾದ್ರಿ. ನಮೂನೆಯನ್ನು ಮಡಚುತ್ತ ಮತ್ತೆ ಹೇಳುತ್ತಾರೆ, “ಹೋದವರ ಮನೆಗೆ ಯಾರು ಹೋಗುತ್ತಾರೆ ಅಂತ ಇದರಲ್ಲಿ ಕೇಳಿಲ್ಲ. ಕೇಳಿದ್ದರೆ ‘ಒಬ್ಬರು’ ಅಂತ ಬರೆಯಬೇಕಿತ್ತು. ಆ ಒಬ್ಬ ನಾನಲ್ಲ. ನಾನು ಎರಡು ಸಲ ಹೋದೆ, ಬಾಗಿಲು ತೆರೆಯಲಿಲ್ಲ, ಬಿಟ್ಟೆ.”

ನಮೂನೆಯ ಮಾತು ಹೇಳಿದರೆ ರೊಜಾರಿಯೊ ಸ್ಮಶಾನದ ತೆಂಕಣ ಬದಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಹುಲ್ಲು ಎಲ್ಲಕ್ಕಿಂತ ಹಸಿರಾಗಿದೆ. “ಇಲ್ಲಿ ನಾ ಯಾರನ್ನೂ ಇಡೂದಿಲ್ಲರಿ. ಮ್ಯಾಲ ಚಂದ ಕಾಣತೈತಿ, ಕೆಳಗ ನೀರ ನಿಂತೈತಿ. ಇಟ್ಟಿದ್ದು ಇಟ್ಟಂಗ ಇರ್ತೈತಿ, ಕರಗೂದಿಲ್ಲ. ಚೊಲೋ ಮಣ್ಣ ಅಂದ್ರ ಏನ ಕೊಟ್ರೂ ತೊಗೊಂಡು ಕರಗಿಸಿಕೋಬೇಕು. ಹೊಲಸ ಕೊಟ್ರೂ. ನಮ್ಮ ಸಭಾ ಒಂದು ಖರೇ ಮಾತು ಕರಗಿಸಿಕೊಳ್ಳಿಲ್ಲ. ಹಾಡು ಹಾಡಿ ಮುಚ್ಚಿತು.”

ಪೂಜೆ ಮುಗಿದ ಮೇಲೆ ಸಾಂತಾನ ಬಾಗಿಲ ಬಳಿ ಕಾಯುತ್ತಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಬ್ಬದ ಕೆಲಸಗಳ ಪಟ್ಟಿ. ಕೆಟ್ಟ ಮನುಷ್ಯರಲ್ಲ. ಈ ಇಗರ್ಜಿಯ ಹೆಂಚು ಹಾರಿದ ವರ್ಷ ತಮ್ಮ ಮನೆಯ ಹೆಂಚು ಇಳಿಸಿ ತಂದು ಹೊದಿಸಿದವರು.

“ಇಂವ ಖರೇ ಖರೇ ಅಂತಾನ,” ಎನ್ನುತ್ತಾರೆ ಬೇಸರದಿಂದ. “ಇಂವನ ಖರೇ ತೊಗೊಂಡು ಏನ ಮಾಡೂದು? ಏಳ ಮನಿ ಹೋದೂ. ಆ ಹೆಂಗಸಿನ ನಿದ್ದಿ ಹೋತು. ಯಾರಿಗೆ ಚೊಲೋ ಆತು, ಹೇಳ್ರಿ? ನಾ ಮುಚ್ಚಂದಿದ್ದು ಆಕಿ ಸಲುವಾಗಿನ.” ಆಮೇಲೆ ರೊಜಾರಿಯೊ ಕಡೆ ತಿರುಗಿ, ದನಿ ತಗ್ಗಿಸಿ, “ನಿನ್ನಿ ನಾ ಆಕಿ ಮನಿಗೆ ಹೋಗಿ ಬಂದೇನಿ. ಆಕಿಗೆ ಒಂದ ಮಾತ ಹೇಳೇನಿ. ನೀ ಹೌದನ್ನು ಸಾಕು. ಜನವರಿಗೆ ಎಲ್ಲಾರೂ ಒಳಗ ಇರ್ತಾರ. ನಿನ್ನ ಕೈಯಾಗ ಶಿಲುಬಿ ಕೊಡಸ್ತೇನಿ.”

“ಏನ ಹೇಳೀ?” ಎಂದು ರೊಜಾರಿಯೊ ಕೇಳುತ್ತಾರೆ.

“ಆಕೀನ ಹೇಳ್ತಾಳ ಹೋಗು.”

ಕೆಳಗಿನ ಕೇರಿಯ ದಾರಿಯಲ್ಲಿ ಅವರು ಜೊತೆಗೆ ಬಂದ ಪತ್ರಿಕೆಯವರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎದುರಾಗಿ ಧೂಳೆಬ್ಬಿಸಿ ಹೋಗುತ್ತದೆ. ರೀಟಾ ಅಂಗಳದಲ್ಲಿ ಕುಳಿತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಾರೆ. ನಲವತ್ತೈದರ ಹೆಂಗಸು, ಕಣ್ಣಿನ ಕೆಳಗೆ ಕಪ್ಪು ಇಳಿದು ಅರವತ್ತರವರಂತೆ ಕಾಣುತ್ತಾರೆ. ಒಳಗಿಂದ ಯಾರೋ ನರಳುವ ಸದ್ದು. ಕಾಯ್ತಾನನ ತಾಯಿ, ರೊಜಾರಿಯೊಗೆ ಚಿಗವ್ವ, ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ.

ರೊಜಾರಿಯೊ ಅಂಗಳದ ಅಂಚಿಗೆ ನಿಲ್ಲುತ್ತಾರೆ. ಎಂದಿನ ಮಾತು ಹೇಳುವ ಮೊದಲೇ ರೀಟಾ ಬಾಯಿ ಬಿಡುತ್ತಾರೆ.

“ಭಾವಾ, ಒಳಗ ಬಾ. ಕುಂದರು.”

ಐದು ವರ್ಷದಲ್ಲಿ ಮೊದಲ ಮಾತು. ರೊಜಾರಿಯೊ ಅಂಗಳ ದಾಟಿ ಬರುತ್ತಾರೆ. ಕಟ್ಟೆಯ ತುದಿಗೆ ಕೂರುತ್ತಾರೆ.

“ಜೋಡಿ ಬಂದವ್ರು ಯಾರು?”

“ಪೇಪರಿನವ್ರು.”

“ಇರಲಿ. ಇವ್ರ ಮುಂದ ಹೇಳಿದ್ರ ಸಾಕ್ಷಿ ಆದಂಗ ಆತು.” ರೀಟಾ ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕುತ್ತಾರೆ. “ಸಾಂತಾನ ಮಾಮಾ ಬಂದಿದ್ರು. ಅಂವ ಕಾಯ್ತಾನ ಅಲ್ಲ ಅಂದ್ರು. ಬ್ಯಾರೆ ಯಾರದೋ ಹಳೇ ಕುಣಿ, ರೊಜಾರಿಯೊಗ ಕತ್ತಲ್ಯಾಗ ತಿಳೀಲಿಲ್ಲ, ಕೆಂಪ ಬಟ್ಟಿ ನೋಡಿ ಹೆದರಿದ ಅಂದ್ರು. ಹೌದೇನು?”

ರೊಜಾರಿಯೊ ಕಾಲ ಬಳಿ ಉರುಳಿದ ತೆನೆಯೊಂದನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ.

“ಕಣ್ಣ ಮುಚ್ಚಿದ್ರ ಅಂವ ಬರ್ತಾನ, ಭಾವಾ. ತೋಳ ಮುಂದ ಮಾಡತಾನ. ಥಂಡಿ ಹತ್ತತೈತಿ, ಹೊಲದ ಕೊಡು ಅಂತಾನ. ಸೂಜಿ ಹುಡಕೂದ್ರಾಗ ಎಚ್ಚರ ಆಗತೈತಿ. ದಿನಾ. ಒಂದು ದಿನಾನೂ ನಾ ಹೊಲದ ಕೊಟ್ಟಿಲ್ಲ.” ಧ್ವನಿ ಏರುವುದಿಲ್ಲ. ಮಾರುಕಟ್ಟೆಯ ಸುದ್ದಿ ಹೇಳಿದಂತೆ ಹೇಳುತ್ತಾರೆ. “ನೀ ಒಂದ ಮಾತ ಹೇಳು. ಅಂವ ಅಲ್ಲ ಅನ್ನು. ಖರೇ ಐತೋ ಸುಳ್ಳ ಐತೋ ನಾ ಕೇಳಂಗಿಲ್ಲ. ಸಾಂತಾನ ಮಾಮಾ ಹೇಳಿದ್ರ ನನಗ ನಿದ್ದಿ ಹತ್ತಂಗಿಲ್ಲ, ಅವ್ರು ಎಲ್ಲಾರಿಗೂ ಎಲ್ಲಾ ಹೇಳ್ತಾರ. ನೀ ಹೇಳಿದ್ರ ಹತ್ತತೈತಿ. ನೀ ಸುಳ್ಳ ಹೇಳಂಗಿಲ್ಲ ಅಂತ ಊರಿಗೇ ಗೊತ್ತೈತಿ.”

ಒಳಗೆ ಮುದುಕಿ ನೀರು ಕೇಳುತ್ತಾರೆ. ರೀಟಾ ಎದ್ದು ಹೋಗಿ ಕುಡಿಸಿ ಬರುತ್ತಾರೆ. ಬಂದು ಈ ಸಲ ಕೂರುವುದಿಲ್ಲ.

“ಬರೂ ಆಯ್ತಾರ ಏಳೂ ಮನಿ ಕರಕೊಂಡು ಬರ್ತೇನಿ. ನಾ ಹೂಂ ಅಂದ್ರ ಬರ್ತಾರ. ಅತ್ತಿ ಇನ್ನ ಭಾಳ ದಿನ ಇಲ್ಲ. ಆಕಿನ್ನ ಹಂದಿ ಬಾಯಿಗೆ ಹಾಕಾಕ ನನಗ ಮನಸ್ಸಿಲ್ಲ. ನೀನ ಅಗಿ. ಆಳಕ ಅಗಿ.”

ರೊಜಾರಿಯೊ ತಮ್ಮ ಎರಡೂ ಅಂಗೈಗಳನ್ನು ಮೊಳಕಾಲ ಮೇಲೆ ಇಟ್ಟುಕೊಂಡಿದ್ದಾರೆ. ನಿನ್ನೆಯ ಕೆಂಪು ಮಣ್ಣು ಉಗುರ ಸಂದಿಯಲ್ಲಿ ಇನ್ನೂ ಇದೆ. ಬೇಕೆಂದು ಬೇಡಿಕೊಂಡದ್ದೆಲ್ಲ ಒಟ್ಟಿಗೆ ಎದುರು ಬಂದು ನಿಂತಿದೆ, ಒಂದು ಮಾತಿನ ದೂರದಲ್ಲಿ.

“ಚಿಗವ್ವಂದು ನಾ ಅಗೀತೇನಿ,” ಎನ್ನುತ್ತಾರೆ ಕೊನೆಗೆ. “ನೀ ಇಗರ್ಜಿಗೆ ಬಂದ್ರೂ ಅಗೀತೇನಿ, ಬರದಿದ್ರೂ ಅಗೀತೇನಿ. ನಿನ್ನ ಹೊಲದಾಗ ಅಂದ್ರ ಹೊಲದಾಗ. ಆರು ಫೂಟು ಅಗೀತೇನಿ.”

“ನಾ ಅದನ್ನ ಕೇಳಲಿಲ್ಲ.”

“ಗೊತ್ತೈತಿ.”

“ಮತ್ತ ಕೇಳಿದ್ದು ಹೇಳು. ಒಂದ ಸಲ. ಕೈ ಮುಗೀತೇನಿ, ಭಾವಾ.”

ರೀಟಾ ನಿಜವಾಗಿಯೂ ಕೈ ಮುಗಿಯುತ್ತಾರೆ. ರೊಜಾರಿಯೊ ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ. ಅವರ ಮುಖವನ್ನು ನೇರ ನೋಡುತ್ತಾರೆ.

“ಇಲ್ಲ, ರೀಟಾ. ಅಂವ ಕಾಯ್ತಾನನೇ ಇದ್ದ. ಅಲ್ಲ ಅಂತ ನಾ ಹೇಳಂಗಿಲ್ಲ.”